ಕಣ್ಣಿಗೆ ಬಿದ್ದರೆ ಉರಿಯುತ್ತಾ, ಚರ್ಮ ಸುಡುತ್ತಾ? ಕಂಪ್ಯೂಟರ್‌ನಲ್ಲಿ ಅಂದಾಜು ಮಾಡುವ ಬಗೆ

ಒಂದು ರಾಸಾಯನಿಕದ ರಚನೆಯನ್ನು ಕಂಪ್ಯೂಟರ್‌ಗೆ ಕೊಟ್ಟು, ಇದು ಕಣ್ಣಿಗೆ ಬಿದ್ದರೆ ಏನಾಗುತ್ತದೆ, ಕೈಗೆ ತಾಗಿದರೆ ಏನಾಗುತ್ತದೆ ಅಂತ ಕೇಳಬಹುದು. ಉತ್ತರ ಕೆಲವೇ ಸೆಕೆಂಡಿನಲ್ಲಿ ಬರುತ್ತದೆ. ಇದಕ್ಕೆ ಬೇಕಾದ ಒಳ್ಳೆಯ ಸಾಫ್ಟ್‌ವೇರ್‌ಗಳು ಉಚಿತವಾಗಿಯೇ ಸಿಗುತ್ತವೆ. ಕಷ್ಟ ಇರುವುದು ಆ ಉತ್ತರವನ್ನು ಓದುವುದರಲ್ಲಿ.

ತೆರೆಯ ಮೇಲೆ "ಅಪಾಯದ ಗುರುತು ಸಿಗಲಿಲ್ಲ" ಅಂತ ಬರುತ್ತದೆ. ಅದನ್ನು "ಅಪಾಯ ಇಲ್ಲ" ಅಂತ ಓದಿಬಿಡುವವರನ್ನು ನಾನು ಬಹಳ ನೋಡಿದ್ದೇನೆ. ಶುರುವಿನಲ್ಲಿ ನಾನೂ ಹಾಗೆಯೇ ಓದುತ್ತಿದ್ದೆ. ಈ ಕೆಲಸದಲ್ಲಿ ಉತ್ತರ ಮೂರು ಬಗೆ: ಹೌದು, ಇಲ್ಲ, ಗೊತ್ತಿಲ್ಲ. ಮೂರನೆಯದನ್ನು ಗುರುತಿಸುವುದನ್ನು ಕಲಿತರೆ ಅರ್ಧ ಕೆಲಸ ಬಂದ ಹಾಗೆ.

ಸೋಪು, ನೆಲ ಒರೆಸುವ ದ್ರಾವಣ, ಬಣ್ಣ, ಅಂಟು ತಯಾರಿಸುವ ಸಣ್ಣ ಘಟಕಗಳಲ್ಲಿ ಸುರಕ್ಷತೆಯ ಕಾಗದಪತ್ರ ನೋಡುವವರಿಗೆ, ರಸಾಯನಶಾಸ್ತ್ರ ಓದುತ್ತಿರುವವರಿಗೆ ಅಂತ ಇದನ್ನು ಬರೆದಿದ್ದೇನೆ. ಪ್ರೋಗ್ರಾಮಿಂಗ್ ಬರಲೇಬೇಕು ಅಂತಿಲ್ಲ. ಏಳನೇ ಹೆಜ್ಜೆಗೆ ಮಾತ್ರ ಸ್ವಲ್ಪ ಪೈಥಾನ್ ಬೇಕು.

ಉದಾಹರಣೆಗೆ ಎರಡು ಪದಾರ್ಥ ತೆಗೆದುಕೊಳ್ಳುತ್ತೇನೆ. ಒಂದು ಫೀನಾಲ್, ಇದು ಸರಳ. ಇನ್ನೊಂದು ಕಾರ್ಡನಾಲ್, ಗೇರು ಬೀಜದ ಸಿಪ್ಪೆಯ ಎಣ್ಣೆಯಿಂದ ಬರುವಂಥದ್ದು. ಕರಾವಳಿಯವರಿಗೆ ಗೇರು ಬೀಜದ ಸೊನೆಯ ಪರಿಚಯ ಹೇಳಬೇಕಾಗಿಲ್ಲ. ಚಿಕ್ಕವರಿದ್ದಾಗ ಅಜ್ಜಿ ಮನೆಯ ಹಿತ್ತಲಲ್ಲಿ ಹಸಿ ಬೀಜ ಸುಡುವಾಗ ಒಂದು ಹನಿ ನನ್ನ ಮಣಿಕಟ್ಟಿಗೆ ಸಿಡಿದಿತ್ತು. ಮೊದಲು ಚುರುಕ್ ಅಂದಿತು. ಮರುದಿನ ಬೊಬ್ಬೆ. ಆಮೇಲೆ ವಾರಗಟ್ಟಲೆ ಕಪ್ಪು ಕಲೆ. ಬಿಸಿಗೆ ಸುಟ್ಟಿತೋ, ಸೊನೆಗೆ ಸುಟ್ಟಿತೋ ಆಗ ಗೊತ್ತಾಗಲಿಲ್ಲ. ಬೀಜ ಒಡೆಯುವ ಹೆಂಗಸರು ಕೈಗೆ ಎಣ್ಣೆಯೋ ಬೂದಿಯೋ ಹಚ್ಚಿಕೊಂಡು ಕೂರುವುದು ಯಾಕೆ ಅಂತ ಮಾತ್ರ ಅರ್ಥವಾಯಿತು.

ಈ ಅಂದಾಜು ಯಾತರ ಮೇಲೆ ನಿಂತಿದೆ?

ಕಂಪ್ಯೂಟರ್‌ಗೆ ಸ್ವಂತವಾಗಿ ಏನೂ ಗೊತ್ತಿಲ್ಲ. ಹಳೆಯ ಪರೀಕ್ಷೆಗಳ ಫಲಿತಾಂಶ ನೋಡಿ ಅದು ಕಲಿತಿದೆ. ಆ ಪರೀಕ್ಷೆಗಳಲ್ಲಿ ಹೆಚ್ಚಿನವು ಮೊಲಗಳ ಮೇಲೆ ನಡೆದವು. ಅಮೆರಿಕದ ಎಫ್‌ಡಿಎಯಲ್ಲಿದ್ದ ಜಾನ್ ಡ್ರೇಜ್ ಮತ್ತು ಜೊತೆಗಾರರು 1944ರಲ್ಲಿ ಈ ಕ್ರಮವನ್ನು ಪ್ರಕಟಿಸಿದರು. ಮೊಲದ ಒಂದು ಕಣ್ಣಿಗೆ 0.1 ಮಿಲಿಲೀಟರ್ ದ್ರವ ಹಾಕಿ, ಗಂಟೆ ಲೆಕ್ಕದಲ್ಲಿ, ದಿನದ ಲೆಕ್ಕದಲ್ಲಿ ನೋಡುತ್ತಾ ಹೋಗುವುದು. ಬೇಕಾದರೆ 21 ದಿನದವರೆಗೂ ನೋಡುವುದು. ಒಟ್ಟು 110 ಅಂಕ. ಅದರಲ್ಲಿ 80 ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ. ಚರ್ಮಕ್ಕಾದರೆ ಕೂದಲು ತೆಗೆದ ಜಾಗದಲ್ಲಿ 4 ಗಂಟೆ ಪದಾರ್ಥ ಇಟ್ಟು, ಕೆಂಪಾದದ್ದಕ್ಕೆ 0ಯಿಂದ 4, ಊದಿದ್ದಕ್ಕೆ 0ಯಿಂದ 4 ಅಂಕ ಕೊಡುವುದು.

ಮೊಲಕ್ಕೆ ಆಗುವ ಹಿಂಸೆ ಒಂದು ಕಡೆ. ಫಲಿತಾಂಶ ನಂಬುವುದೂ ಕಷ್ಟ ಅನ್ನುವುದು ಇನ್ನೊಂದು ಕಡೆ. ಅಂಕ ಕೊಡುವುದು ಮನುಷ್ಯರ ಕಣ್ಣು. 1971ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ರಯೋಗಾಲಯಗಳಿಗೆ ಅವೇ ಪದಾರ್ಥಗಳನ್ನು ಕೊಟ್ಟು ನೋಡಿದಾಗ ಒಂದೊಂದು ಕಡೆ ಒಂದೊಂದು ಉತ್ತರ ಬಂದಿತ್ತು. ಯುರೋಪಿನ ನೋಂದಣಿ ಮಾಹಿತಿಯನ್ನು ಇಟ್ಟುಕೊಂಡು 2016ರಲ್ಲಿ ಮಾಡಿದ ಲೆಕ್ಕವೂ ಇದನ್ನೇ ಹೇಳಿತು. ಒಮ್ಮೆ "ಕಣ್ಣಿಗೆ ತೀವ್ರ ಹಾನಿ" ಅಂತ ಬಂದ ಪದಾರ್ಥ ಮತ್ತೆ ಪರೀಕ್ಷಿಸಿದಾಗ ಅದೇ ವರ್ಗಕ್ಕೆ ಬರುವ ಸಾಧ್ಯತೆ ಸುಮಾರು 73%. ಏನೂ ಇಲ್ಲ ಅಂತ ಬರುವ ಸಾಧ್ಯತೆ ಸುಮಾರು 10%.

ಈ ಅಂಕಿ ನೆನಪಿರಲಿ. ಯಾರಾದರೂ ತಮ್ಮ ಮಾಡೆಲ್ (ಹೀಗೆ ಹಳೆಯ ಫಲಿತಾಂಶದಿಂದ ಕಲಿತ ಲೆಕ್ಕದ ವ್ಯವಸ್ಥೆ) 98% ಸರಿ ಹೇಳುತ್ತದೆ ಅಂದರೆ, ಕಲಿಸಿದ ಗುರುವೇ ಅಷ್ಟು ಸರಿ ಇಲ್ಲವಲ್ಲ ಅಂತ ಕೇಳಿ.

ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲಿ ನಿಷೇಧಿಸಿತು. ಹಾಗೆ ಪರೀಕ್ಷಿಸಿದವನ್ನು ಮಾರುವುದಕ್ಕೂ ಯುರೋಪಿನಲ್ಲಿ 2013ರಿಂದ ಅವಕಾಶ ಇಲ್ಲ. ಹಾಗಾಗಿ ಕಂಪ್ಯೂಟರ್ ಅಂದಾಜು ಮತ್ತು ಪ್ರಾಣಿ ಬೇಡದ ಪ್ರಯೋಗಾಲಯ ಪರೀಕ್ಷೆ ಎರಡೂ ಈಗ ದಿನನಿತ್ಯದ ಕೆಲಸವಾಗಿವೆ.

ಹೆಜ್ಜೆ 1: ಪ್ರಶ್ನೆಯನ್ನು ಬಿಡಿಸಿಕೊಳ್ಳಿ

"ಇದು ಅಪಾಯಕಾರಿಯಾ?" ಅಂತ ಕೇಳಿದರೆ ಯಾವ ಸಾಫ್ಟ್‌ವೇರೂ ಸರಿಯಾಗಿ ಉತ್ತರಿಸುವುದಿಲ್ಲ. ಮೊದಲು ಚರ್ಮವೋ ಕಣ್ಣೋ ಹೇಳಿ. ಆಮೇಲೆ ಸುಡುವುದೋ ಉರಿಸುವುದೋ ಹೇಳಿ. ಸುಡುವುದು ಅಂದರೆ ಜೀವಕೋಶ ಸತ್ತು ಗಾಯವಾಗುವುದು, ಕಲೆ ಉಳಿಯುವುದು. ಉರಿಸುವುದು ಅಂದರೆ ಕೆಂಪಾಗಿ, ಊದಿ, ಸ್ವಲ್ಪ ದಿನದಲ್ಲಿ ವಾಸಿಯಾಗುವುದು.

ವಿಶ್ವಸಂಸ್ಥೆಯ ಜಿಎಚ್‌ಎಸ್ ವರ್ಗೀಕರಣ ಇದನ್ನು ಅಂಕಿಗಳಲ್ಲಿ ಕಟ್ಟಿಹಾಕಿದೆ. ಚರ್ಮಕ್ಕೆ ವರ್ಗ 1 ಅಂದರೆ ಸುಡುವುದು. ಅದರಲ್ಲಿ 3 ನಿಮಿಷದೊಳಗಿನ ಸಂಪರ್ಕಕ್ಕೇ ಸುಟ್ಟರೆ 1ಎ, ಒಂದು ಗಂಟೆಯೊಳಗಿನದಕ್ಕೆ 1ಬಿ, ನಾಲ್ಕು ಗಂಟೆಯೊಳಗಿನದಕ್ಕೆ 1ಸಿ. ವರ್ಗ 2 ಅಂದರೆ ಉರಿಸುವುದು. ಕಣ್ಣಿಗೆ ವರ್ಗ 1 ಅಂದರೆ 21 ದಿನ ಕಳೆದರೂ ಪೂರ್ತಿ ವಾಸಿಯಾಗದ ಹಾನಿ, ಇಲ್ಲವೇ ಕಾರ್ನಿಯಾ ತೀರಾ ಮಬ್ಬಾಗುವುದು. ವರ್ಗ 2 ಅಂದರೆ ವಾಸಿಯಾಗುವ ಕಣ್ಣುರಿ. ಡಬ್ಬದ ಮೇಲೆ ಕಾಣುವ ಎಚ್314 ಚರ್ಮ ಸುಡುವುದಕ್ಕೆ, ಎಚ್315 ಚರ್ಮದ ಉರಿಗೆ, ಎಚ್318 ಕಣ್ಣಿನ ಗಂಭೀರ ಹಾನಿಗೆ, ಎಚ್319 ಕಣ್ಣುರಿಗೆ.

ಅಲರ್ಜಿ ಇದರಲ್ಲಿ ಸೇರುವುದಿಲ್ಲ. ಇದನ್ನು ಮರೆಯುವವರು ಜಾಸ್ತಿ. ಉರಿ ಯಾರಿಗೆ ಬೇಕಾದರೂ, ಮೊದಲ ಸಲವೇ ಬರಬಹುದು. ಅಲರ್ಜಿ ಹಾಗಲ್ಲ. ಮೈಗೆ ಒಮ್ಮೆ ಪರಿಚಯವಾಗಿ, ಆಮೇಲೆ ಸ್ವಲ್ಪ ತಾಗಿದರೂ ಏಳುವಂಥದ್ದು. ಮಲೆನಾಡಿನ ಕರಿಗೇರು ಮರದ ಕಾಯಿಯ ರಸ ತಾಗಿ ಮೈಯೆಲ್ಲ ಬೊಬ್ಬೆ ಬರುವುದರಲ್ಲಿ ಅಲರ್ಜಿಯ ಪಾಲು ದೊಡ್ಡದು. ಗೇರು ಸೊನೆಯಲ್ಲಿ ಎರಡೂ ಇವೆ. ಉರಿಯ ಮಾಡೆಲ್‌ಗೆ ಅಲರ್ಜಿಯ ಪ್ರಶ್ನೆ ಕೇಳಬಾರದು, ಅದಕ್ಕೆ ಬೇರೆ ಮಾಡೆಲ್‌ಗಳಿವೆ.

ಇನ್ನೊಂದು ಸೂಕ್ಷ್ಮ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಮೊದಲು ಹಿಡಿಯುವುದು ನರದ ತುದಿಯಲ್ಲಿರುವ ಟಿಆರ್‌ಪಿವಿ1 ಅನ್ನುವ ಗ್ರಾಹಕವನ್ನು. ಬಿಸಿ ತಾಗಿದರೆ ಎಚ್ಚರವಾಗುವುದೂ ಅದೇ ಗ್ರಾಹಕ. ನೋವು ಮತ್ತು ಹಾನಿ ಯಾವಾಗಲೂ ಒಟ್ಟಿಗೆ ಬರುವುದಿಲ್ಲ. ಫೀನಾಲ್ ಇದಕ್ಕೆ ಪೂರ್ತಿ ಉಲ್ಟಾ. ಅದು ಜಾಗವನ್ನು ಜೋಮು ಹಿಡಿಸಿಬಿಡುತ್ತದೆ, ನೋವು ಗೊತ್ತಾಗುವಷ್ಟರಲ್ಲಿ ಚರ್ಮ ಬೆಳ್ಳಗೆ ಬೆಂದಿರುತ್ತದೆ. ನಮ್ಮ ಮಾಡೆಲ್‌ಗಳು ಕಲಿತಿರುವುದು ಕಣ್ಣಿಗೆ ಕಾಣುವ ಹಾನಿಯನ್ನು.

ಹೆಜ್ಜೆ 2: ಪದಾರ್ಥ ಯಾವುದು ಅಂತ ಖಚಿತ ಮಾಡಿಕೊಳ್ಳಿ

ತಪ್ಪು ಫಲಿತಾಂಶಗಳಲ್ಲಿ ಬಹಳಷ್ಟು ಇಲ್ಲೇ ಹುಟ್ಟುತ್ತವೆ. ಹೆಸರನ್ನು ನಂಬಬೇಡಿ, ಪ್ರತಿ ರಾಸಾಯನಿಕಕ್ಕೂ ಕೊಟ್ಟಿರುವ ಗುರುತಿನ ಸಂಖ್ಯೆ, ಅಂದರೆ ಸಿಎಎಸ್ ಸಂಖ್ಯೆ ಹಿಡಿಯಿರಿ. ಫೀನಾಲ್‌ಗೆ 108-95-2. ರಾಸಾಯನಿಕಗಳ ಉಚಿತ ಮಾಹಿತಿ ತಾಣವಾದ ಪಬ್‌ಕೆಮ್‌ನಲ್ಲಿ ಆ ಸಂಖ್ಯೆ ಹುಡುಕಿದರೆ ಸ್ಮೈಲ್ಸ್ ಅನ್ನುವ ಒಂದು ಸಾಲಿನ ಬರಹ ಸಿಗುತ್ತದೆ. ಅಣುವಿನ ರಚನೆಯನ್ನು ಅಕ್ಷರಗಳಲ್ಲಿ ಬರೆಯುವ ಪದ್ಧತಿ ಅದು. ಎಥನಾಲ್ ಆದರೆ "ಸಿಸಿಓ", ಎರಡು ಇಂಗಾಲ, ಒಂದು ಆಮ್ಲಜನಕ, ಅಷ್ಟೇ. ಫೀನಾಲ್‌ಗೆ ಆರು ಇಂಗಾಲದ ಉಂಗುರ, ಅದಕ್ಕೆ ಒಂದು ಆಮ್ಲಜನಕ. ಕೈಯಲ್ಲಿ ಬರೆಯುವ ಬದಲು ಪಬ್‌ಕೆಮ್‌ನಿಂದ ನಕಲು ಮಾಡಿಕೊಳ್ಳಿ. ಒಂದು ಅಕ್ಷರ ಚಿಕ್ಕದು ದೊಡ್ಡದಾದರೂ ಅಣುವೇ ಬೇರೆಯಾಗುತ್ತದೆ.

ಕಾರ್ಡನಾಲ್ ಇಷ್ಟು ಸುಲಭ ಅಲ್ಲ. ಹಸಿ ಗೇರು ಸಿಪ್ಪೆಯ ಎಣ್ಣೆಯಲ್ಲಿ ಜಾಸ್ತಿ ಇರುವುದು ಅನಕಾರ್ಡಿಕ್ ಆಮ್ಲ, ಜೊತೆಗೆ ಕಾರ್ಡಾಲ್. ಕಾಯಿಸಿದಾಗ ಅನಕಾರ್ಡಿಕ್ ಆಮ್ಲ ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಟ್ಟು ಕಾರ್ಡನಾಲ್ ಆಗುತ್ತದೆ. ಅಂದರೆ ಹಸಿ ಬೀಜದ ಸೊನೆ ಬೇರೆ, ಕಾರ್ಖಾನೆಯಿಂದ ಡ್ರಮ್‌ನಲ್ಲಿ ಬರುವ ಎಣ್ಣೆ ಬೇರೆ. ಅಲ್ಲಿಗೂ ಮುಗಿಯುವುದಿಲ್ಲ. ಕಾರ್ಡನಾಲ್ ಅಂದರೆ ಫೀನಾಲ್‌ಗೆ 15 ಇಂಗಾಲದ ಉದ್ದ ಬಾಲ. ಆ ಬಾಲದಲ್ಲಿ ಜೋಡಿಬಂಧ ಒಂದೂ ಇಲ್ಲದ, ಒಂದು ಇರುವ, ಎರಡು ಇರುವ, ಮೂರು ಇರುವ ಅಣುಗಳು ಬೆರೆತಿರುತ್ತವೆ. ಒಂದೂ ಇಲ್ಲದ್ದು ಸುಮಾರು 50 ಡಿಗ್ರಿಯಲ್ಲಿ ಕರಗುವ ಗಟ್ಟಿ ಪದಾರ್ಥ. ನಿಜವಾದ ಕಾರ್ಡನಾಲ್ ದ್ರವ. ಸುಮ್ನೆ ಮೊದಲು ಸಿಕ್ಕ ರಚನೆಯನ್ನು ಹಾಕಿದರೆ ನೀವು ಡ್ರಮ್‌ನಲ್ಲಿ ಇಲ್ಲದ ಪದಾರ್ಥಕ್ಕೆ ಉತ್ತರ ಪಡೆಯುತ್ತೀರಿ. ನಾಲ್ಕೂ ರಚನೆಗಳನ್ನು ಬೇರೆ ಬೇರೆಯಾಗಿ ಹಾಕಿ, ಕೆಟ್ಟ ಉತ್ತರವನ್ನು ಇಟ್ಟುಕೊಳ್ಳಿ.

ಹೆಜ್ಜೆ 3: ಸಾಫ್ಟ್‌ವೇರ್ ತೆರೆಯುವ ಮುಂಚೆ ಪಿಎಚ್ ನೋಡಿ, ಹಳೆಯ ಮಾಹಿತಿ ನೋಡಿ

ಪಿಎಚ್ 2 ಅಥವಾ ಅದಕ್ಕಿಂತ ಕಡಿಮೆ, ಇಲ್ಲವೇ 11.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಬೇರೆ ಪುರಾವೆ ಸಿಗುವವರೆಗೆ ಅದು ಸುಡುವ ಪದಾರ್ಥ ಅಂತಲೇ ಲೆಕ್ಕ. ಚರ್ಮಕ್ಕೂ, ಕಣ್ಣಿಗೂ. ಆದರೆ ಈ ನಿಯಮ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ಫೀನಾಲ್ ತುಂಬ ದುರ್ಬಲ ಆಮ್ಲ. ಅದರ ದ್ರಾವಣದ ಪಿಎಚ್ ನೋಡಿದರೆ ಯಾವ ಎಚ್ಚರಿಕೆಯೂ ಸಿಗುವುದಿಲ್ಲ. ಆದರೂ ಅದು 1ಬಿ, ಚರ್ಮ ಸುಡುತ್ತದೆ. ಅದು ಚರ್ಮದ ಪ್ರೋಟೀನನ್ನೇ ಕೆಡಿಸುತ್ತದೆ.

ಪಿಎಚ್ ಆದಮೇಲೆ ಪಬ್‌ಕೆಮ್‌ನ ಸುರಕ್ಷತೆ ವಿಭಾಗ, ಯುರೋಪಿನ ರಾಸಾಯನಿಕ ಸಂಸ್ಥೆಯಾದ ಎಕಾದ ದತ್ತಸಂಚಯ ಎರಡನ್ನೂ ನೋಡಿ. ಈಗಾಗಲೇ ಪರೀಕ್ಷೆ ಆಗಿದ್ದರೆ ಅಂದಾಜಿನ ಅಗತ್ಯವೇ ಇಲ್ಲ ಅಲ್ವಾ? ಬೇರೆ ಬೇರೆ ಕಂಪನಿಗಳು ಒಂದೇ ಪದಾರ್ಥಕ್ಕೆ ಬೇರೆ ಬೇರೆ ವರ್ಗ ಕೊಟ್ಟಿರುವುದು ಕಂಡರೆ ಗಾಬರಿಯಾಗಬೇಡಿ. ಕಲ್ಮಶ ಎಷ್ಟಿತ್ತು, ಎಷ್ಟು ತೆಳು ಮಾಡಿದ್ದರು ಅನ್ನುವುದರ ಮೇಲೆ ಅದು ಬದಲಾಗುತ್ತದೆ.

ಹೆಜ್ಜೆ 4: ಭೌತಿಕ ಗುಣಗಳ ಪಟ್ಟಿ

ಕರಗುವ ಬಿಂದು, ಅಣುತೂಕ, ನೀರಿನಲ್ಲಿ ಎಷ್ಟು ಕರಗುತ್ತದೆ, ಆವಿ ಒತ್ತಡ, ಲಾಗ್ ಪಿ. ಇಷ್ಟು ಬರೆದಿಟ್ಟುಕೊಳ್ಳಿ. ಲಾಗ್ ಪಿ ಅಂದರೆ ಪದಾರ್ಥಕ್ಕೆ ನೀರು ಇಷ್ಟವೋ ಎಣ್ಣೆ ಇಷ್ಟವೋ ಅಂತ ಹೇಳುವ ಅಂಕಿ. ಫೀನಾಲ್‌ಗೆ ಅದು 1.46. ನೀರಿನಲ್ಲೂ ಕರಗುತ್ತದೆ, ಎಣ್ಣೆಯಲ್ಲೂ ಕರಗುತ್ತದೆ. ಚರ್ಮದ ಮೇಲ್ಪದರದ ಕೊಬ್ಬನ್ನು ದಾಟಿ ಒಳಗೆ ಇಳಿಯಲು ಇಂಥ ಪದಾರ್ಥಕ್ಕೆ ಸುಲಭ. ಉಳಿದ ಅಂಕಿಗಳು: ಅಣುತೂಕ 94, ಕರಗುವ ಬಿಂದು ಸುಮಾರು 41 ಡಿಗ್ರಿ, ಒಂದು ಲೀಟರ್ ನೀರಿನಲ್ಲಿ 80 ಗ್ರಾಂ ಆಸುಪಾಸು ಕರಗುತ್ತದೆ.

ಅಳೆದ ಅಂಕಿ ಸಿಕ್ಕರೆ ಅದೇ ಬಳಸಿ. ಸಿಗದಿದ್ದರೆ ಅಮೆರಿಕದ ಇಪಿಎ ಕೊಡುವ ಎಪಿ ಸ್ವೀಟ್‌ನಿಂದ ಅಂದಾಜು ಪಡೆಯಬಹುದು. ಯಾವುದು ಅಳೆದದ್ದು, ಯಾವುದು ಅಂದಾಜು ಅಂತ ಪಕ್ಕದಲ್ಲೇ ಬರೆಯಿರಿ. ಅಂದಾಜಿನ ಮೇಲೆ ಅಂದಾಜು ಕಟ್ಟಿದಾಗ ತಪ್ಪೂ ಬೆಳೆಯುತ್ತದೆ.

ಹೆಜ್ಜೆ 5: ಟಾಕ್ಸ್‌ಟ್ರೀಯಲ್ಲಿ ನಿಯಮಗಳ ಪರೀಕ್ಷೆ

ಟಾಕ್ಸ್‌ಟ್ರೀ ಉಚಿತ ಸಾಫ್ಟ್‌ವೇರ್. ಯುರೋಪಿಯನ್ ಕಮಿಷನ್‌ನ ಸಂಶೋಧನಾ ಕೇಂದ್ರಕ್ಕಾಗಿ ಬಲ್ಗೇರಿಯಾದ ಐಡಿಯಾಕನ್ಸಲ್ಟ್ ತಯಾರಿಸಿದ್ದು. ಜಾವಾ ಇದ್ದರೆ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ.

ಮೆಥಡ್ ಮೆನುಗೆ ಹೋಗಿ ಚರ್ಮದ ಉರಿಯ ನಿಯಮವೃಕ್ಷವನ್ನು ಆರಿಸಿ. ಮೇಲಿನ ಪಟ್ಟಿಯಲ್ಲಿ ಸ್ಮೈಲ್ಸ್ ಅಂಟಿಸಿ. ರಚನೆಯ ಚಿತ್ರ ಬರುತ್ತದೆ. ಮುಂದೆ ಹೋಗುವ ಮುಂಚೆ ಆ ಚಿತ್ರ ನಿಮ್ಮ ಪದಾರ್ಥದ್ದೇ ಅಂತ ನೋಡಿಕೊಳ್ಳಿ. ಎಸ್ಟಿಮೇಟ್ ಒತ್ತಿ. ಕರಗುವ ಬಿಂದು, ಲಾಗ್ ಪಿ ಮುಂತಾದವನ್ನು ಕೇಳಿದರೆ ನಾಲ್ಕನೇ ಹೆಜ್ಜೆಯ ಪಟ್ಟಿಯಿಂದ ತುಂಬಿ. ಇದಾದ ಮೇಲೆ ಕಣ್ಣಿನ ನಿಯಮವೃಕ್ಷ ಆರಿಸಿ ಮತ್ತೆ ಇದನ್ನೇ ಮಾಡಿ.

ಒಳಗೆ ನಡೆಯುವುದು ಗೊತ್ತಿದ್ದರೆ ಓದುವುದು ಸುಲಭ. ಈ ನಿಯಮಗಳನ್ನು ಜರ್ಮನಿಯ ಬಿಎಫ್‌ಆರ್ ಸಂಸ್ಥೆ ರೂಪಿಸಿತು. ಅವುಗಳಲ್ಲಿ ಎರಡು ಜಾತಿ. ಮೊದಲನೆಯದು ಹೊರಗಿಡುವ ನಿಯಮ: ಭೌತಿಕ ಗುಣ ನೋಡಿ "ಇದು ಒಳಗೆ ಇಳಿಯಲಾರದು, ಹಾಗಾಗಿ ಉರಿಸಲಾರದು" ಅನ್ನುತ್ತದೆ. ಅಣು ತೀರಾ ದೊಡ್ಡದಾಗಿದ್ದರೆ, ಎಣ್ಣೆಯ ಕಡೆಗೆ ತೀರಾ ವಾಲಿದ್ದರೆ, ತುಂಬಾ ಬಿಸಿಯಲ್ಲಿ ಮಾತ್ರ ಕರಗಿದರೆ ಇಂಥ ತೀರ್ಮಾನ ಬರಬಹುದು. ಎರಡನೆಯದು ಒಳಸೇರಿಸುವ ನಿಯಮ: ರಚನೆಯಲ್ಲಿ ಅಪಾಯದ ಗುರುತು ಇದೆಯಾ ಅಂತ ಹುಡುಕುತ್ತದೆ. ಆಸಿಡ್ ಕ್ಲೋರೈಡ್, ಆಲ್ಡಿಹೈಡ್, ಫೀನಾಲ್, ಕ್ವಾಟರ್ನರಿ ಅಮೋನಿಯಂ, ಹೀಗೆ ಉರಿಸುವ ಗುಣಕ್ಕೆ ಹೆಸರಾದ ಕುಟುಂಬಗಳು.

ಫೀನಾಲ್ ಹಾಕಿದರೆ ಗುರುತು ಸಿಗುವುದು ಸಹಜ, ಕುಟುಂಬದ ಹೆಸರೇ ಅದರದು. ಕಾರ್ಡನಾಲ್ ಹಾಕುವಾಗ ನಿಧಾನಿಸಿ. ಒಂದು ಕಡೆ ಉಂಗುರದ ಮೇಲೆ ಫೀನಾಲ್‌ನ ಗುರುತು ಹಾಗೆಯೇ ಇದೆ. ಇನ್ನೊಂದು ಕಡೆ 15 ಇಂಗಾಲದ ಬಾಲ ಲಾಗ್ ಪಿಯನ್ನು ಅಂದಾಜಿನಲ್ಲಿ 8ಕ್ಕಿಂತ ಮೇಲೆ ಒಯ್ಯುತ್ತದೆ. "ಇಷ್ಟು ಎಣ್ಣೆ ಜಾತಿಯದು ಚರ್ಮ ದಾಟಲಾರದು" ಅನ್ನುವ ಯೋಚನೆಯೂ, "ಇದು ಫೀನಾಲ್, ಸುಡುತ್ತದೆ" ಅನ್ನುವ ಯೋಚನೆಯೂ ಮುಖಾಮುಖಿ ನಿಲ್ಲುತ್ತವೆ. ಇಂಥ ಕಡೆ ಕೊನೆಯ ಸಾಲನ್ನು ಮಾತ್ರ ಓದಬೇಡಿ. ಯಾವ ನಿಯಮಕ್ಕೆ ಹೌದು ಅಂದಿತು, ಯಾವುದಕ್ಕೆ ಇಲ್ಲ ಅಂದಿತು ಅನ್ನುವ ವಿವರಣೆಯನ್ನು ಪೂರ್ತಿ ಓದಿ, ಪ್ರತಿ ಮಾಡಿ ಇಟ್ಟುಕೊಳ್ಳಿ.

ಗುರುತೂ ಸಿಗಲಿಲ್ಲ, ಹೊರಗಿಡುವ ನಿಯಮವೂ ತಾಗಲಿಲ್ಲ ಅಂದರೆ ಉತ್ತರ "ಇಲ್ಲ" ಅಲ್ಲ. ಉತ್ತರ "ಗೊತ್ತಿಲ್ಲ". ನಿಯಮ ಬರೆದವರ ಪಟ್ಟಿಯಲ್ಲಿ ನಿಮ್ಮ ಅಣುವಿನ ಕುಟುಂಬ ಇರಲೇ ಇಲ್ಲ ಅಂತ ಅಷ್ಟೇ ಅರ್ಥ.

ಹೆಜ್ಜೆ 6: ನೆಂಟರನ್ನು ವಿಚಾರಿಸಿ

ನನಗೆ ಜಾಸ್ತಿ ನಂಬಿಕೆ ಇರುವ ಹೆಜ್ಜೆ ಇದು. ಗೊತ್ತಿಲ್ಲದ ಪದಾರ್ಥದ ಬಗ್ಗೆ ತಿಳಿಯಬೇಕಾದರೆ ಅದನ್ನು ಹೋಲುವ, ಪರೀಕ್ಷೆ ಆಗಿರುವ ಪದಾರ್ಥಗಳನ್ನು ನೋಡುವುದು. ಇದಕ್ಕೆ ರೀಡ್ ಅಕ್ರಾಸ್ ಅನ್ನುತ್ತಾರೆ. ಹಲವು ದೇಶಗಳ ಸಹಕಾರ ಸಂಸ್ಥೆಯಾದ ಒಇಸಿಡಿ ಮತ್ತು ಎಕಾ ಸೇರಿ ಕೊಡುವ ಕ್ಯೂಎಸ್‌ಎಆರ್ ಟೂಲ್‌ಬಾಕ್ಸ್ ಈ ಕೆಲಸಕ್ಕೆಂದೇ ಇದೆ. ಇದು ವಿಂಡೋಸ್‌ನಲ್ಲಿ ಓಡುತ್ತದೆ, ಹೆಸರು ನೋಂದಾಯಿಸಿದರೆ ಉಚಿತ. ಅದರಲ್ಲಿ ಆರು ಮನೆಗಳು. ಪದಾರ್ಥ ಕೊಡುವುದು, ಅದರ ಗುಣ ಗುರುತಿಸುವುದು, ಇರುವ ಮಾಹಿತಿ ತರುವುದು, ನೆಂಟರ ಗುಂಪು ಕಟ್ಟುವುದು, ಖಾಲಿ ಜಾಗ ತುಂಬುವುದು, ವರದಿ ತೆಗೆಯುವುದು. ಎಡದಿಂದ ಬಲಕ್ಕೆ ಒಂದೊಂದಾಗಿ ಹೋಗಿ. ನಾಲ್ಕನೇ ಮನೆಯಲ್ಲಿ ಸಾಕಷ್ಟು ಹೊತ್ತು ಕೂತುಕೊಳ್ಳಿ.

ಕಾರ್ಡನಾಲ್‌ಗೆ ನೆಂಟರು ಯಾರು? ಫೀನಾಲ್ ಉಂಗುರ, ಅದಕ್ಕೆ ಇಂಗಾಲದ ಬಾಲ. ಬಾಲದ ಉದ್ದದ ಕ್ರಮದಲ್ಲಿ ಯುರೋಪಿನ ಅಧಿಕೃತ ವರ್ಗೀಕರಣ ನೋಡುತ್ತಾ ಹೋಗೋಣ. ಒಂದೇ ಇಂಗಾಲದ ಕ್ರೆಸಾಲ್: ಚರ್ಮ ಸುಡುತ್ತದೆ, 1ಬಿ. ನಾಲ್ಕು ಇಂಗಾಲದ ಟರ್ಟ್-ಬ್ಯುಟೈಲ್ ಫೀನಾಲ್: ಚರ್ಮಕ್ಕೆ ಉರಿ, ಕಣ್ಣಿಗೆ ಗಂಭೀರ ಹಾನಿ. ಎಂಟರ ಟರ್ಟ್-ಆಕ್ಟೈಲ್ ಫೀನಾಲ್: ಅದೇ ಎರಡು. ಒಂಬತ್ತರ ನೋನೈಲ್ ಫೀನಾಲ್: ಚರ್ಮ ಸುಡುತ್ತದೆ, 1ಬಿ. ಹನ್ನೆರಡರ ಡೋಡಿಸೈಲ್ ಫೀನಾಲ್: ಚರ್ಮ ಸುಡುತ್ತದೆ, 1ಸಿ, ಕಣ್ಣಿಗೆ ಗಂಭೀರ ಹಾನಿ.

ಏನು ಕಾಣುತ್ತದೆ? ಬಾಲ ಉದ್ದವಾದಂತೆ ಲಾಗ್ ಪಿ ಏರುತ್ತಾ ಹೋಗುತ್ತದೆ. ಆದರೆ ಹನ್ನೆರಡು ಇಂಗಾಲಕ್ಕೆ ಬಂದರೂ ಸುಡುವ ಗುಣ ಹೋಗಿಲ್ಲ. "ಎಣ್ಣೆ ಜಾತಿಯದು, ಒಳಗೆ ಇಳಿಯಲಾರದು" ಅನ್ನುವ ವಾದ ಈ ಕುಟುಂಬದಲ್ಲಿ ನಿಲ್ಲುವುದಿಲ್ಲ. ನನ್ನ ಮಣಿಕಟ್ಟಿನ ಕಲೆಗಿಂತ ಈ ಸಾಲು ದೊಡ್ಡ ಪುರಾವೆ. ಯಾಕೆಂದರೆ ಆ ಹನಿಯಲ್ಲಿ ಬಿಸಿಯೂ ಇತ್ತು, ಅನಕಾರ್ಡಿಕ್ ಆಮ್ಲವೂ ಇತ್ತು, ಕಾರ್ಡಾಲೂ ಇತ್ತು.

ವ್ಯತ್ಯಾಸವನ್ನೂ ಬರೆಯಬೇಕು. ಮಾರುಕಟ್ಟೆಯ ನೋನೈಲ್, ಡೋಡಿಸೈಲ್ ಫೀನಾಲ್‌ಗಳ ಬಾಲ ಕವಲೊಡೆದದ್ದು, ಅದು ಹೆಚ್ಚಾಗಿ ಉಂಗುರದ ಎದುರು ತುದಿಗೆ ಅಂಟಿರುತ್ತದೆ. ಕಾರ್ಡನಾಲ್‌ನ ಬಾಲ ನೇರ, ಅಂಟಿರುವ ಜಾಗವೂ ಬೇರೆ. ಬಾಲ ಹನ್ನೆರಡರಿಂದ ಹದಿನೈದಕ್ಕೆ ಹೋದಾಗ ತೀವ್ರತೆ ಇಳಿಯಬಹುದು. ಹಾಗಾಗಿ "ಸುಡುತ್ತದೆ" ಅಂತ ಗಟ್ಟಿಯಾಗಿ ಹೇಳಲಾರೆ, "ಏನೂ ಮಾಡುವುದಿಲ್ಲ" ಅಂತ ಅಂತೂ ಹೇಳಲೇಲಾರೆ.

ನೆಂಟರನ್ನು ಆರಿಸುವಾಗ ಒಂದು ಎಚ್ಚರ. ನಿಮಗೆ ಬೇಕಾದ ಉತ್ತರ ಕೊಡುವ ನೆಂಟರನ್ನು ಮಾತ್ರ ಗುಂಪಿನಲ್ಲಿ ಇಟ್ಟುಕೊಳ್ಳಬೇಡಿ. ಯಾರನ್ನಾದರೂ ಹೊರಗೆ ಹಾಕಿದರೆ ರಚನೆಯ ಕಾರಣ ಕೊಡಿ. ಫಲಿತಾಂಶ ಇಷ್ಟವಾಗಲಿಲ್ಲ ಅನ್ನುವುದು ಕಾರಣ ಅಲ್ಲ.

ಹೆಜ್ಜೆ 7: ಸ್ವಂತ ಮಾಡೆಲ್ ಕಟ್ಟುವವರಿಗೆ

ಬೇಡದವರು ಎಂಟನೆಯದಕ್ಕೆ ಹೋಗಬಹುದು.

ದತ್ತಾಂಶಕ್ಕೆ ಟೂಲ್‌ಬಾಕ್ಸ್‌ನ ಸಂಗ್ರಹ ಇದೆ. ಕಣ್ಣಿಗೆ, 2017ರಲ್ಲಿ ಕಾಸ್ಮೆಟಿಕ್ಸ್ ಯುರೋಪ್ ಪ್ರಕಟಿಸಿದ ಡ್ರೇಜ್ ಆಕರ ಸಂಚಯವೂ ಇದೆ. ಆರ್‌ಡಿಕಿಟ್ ಅನ್ನುವ ಪೈಥಾನ್ ಗ್ರಂಥಾಲಯದಿಂದ ಪ್ರತಿ ಅಣುವಿಗೆ ಮಾರ್ಗನ್ ಫಿಂಗರ್‌ಪ್ರಿಂಟ್ (ರಚನೆಯ ತುಣುಕುಗಳನ್ನು ಅಂಕಿಗಳಲ್ಲಿ ಬರೆದ ಪಟ್ಟಿ) ತೆಗೆಯಿರಿ, ಲಾಗ್ ಪಿಯಂಥ ಕೆಲವು ಗುಣ ಸೇರಿಸಿ, ರ‍್ಯಾಂಡಮ್ ಫಾರೆಸ್ಟ್‌ಗೆ (ಹಲವು ನಿರ್ಧಾರವೃಕ್ಷಗಳ ಮತ ಕೂಡಿಸುವ ಮಾಡೆಲ್‌ಗೆ) ಕಲಿಸಿ. ಶುರುವಿಗೆ ಇಷ್ಟು ಸಾಕು. ಕೆಲವು ನೂರು ಅಣುಗಳ ಮಾಹಿತಿಗೆ ಇದಕ್ಕಿಂತ ಭಾರದ ಯಂತ್ರ ಹೂಡಿದರೆ ಅದು ಕಲಿಯುವುದಿಲ್ಲ, ಬಾಯಿಪಾಠ ಮಾಡುತ್ತದೆ.

ಕಲಿಸುವ ಮುಂಚೆ ಸ್ವಚ್ಛ ಮಾಡಿ. ಒಂದೇ ಅಣು ಎರಡು ಸಲ ಬಂದಿದ್ದರೆ ಒಂದು ಮಾಡಿ. ಎರಡು ಸಲದ ಉತ್ತರ ಬೇರೆ ಬೇರೆ ಇದ್ದರೆ ಮೂಲ ಪರೀಕ್ಷೆಗೆ ಹೋಗಿ ನೋಡಿ. ತೆಳು ಮಾಡಿ ಪರೀಕ್ಷಿಸಿದ್ದನ್ನು ಶುದ್ಧ ಪದಾರ್ಥದ ಜೊತೆ ಬೆರೆಸಬೇಡಿ. ಲವಣಗಳಲ್ಲಿ ಸೋಡಿಯಂ ತೆಗೆದು ಉಳಿದದ್ದನ್ನು ಆಮ್ಲ ಮಾಡಿಬಿಡುವ ಅಭ್ಯಾಸ ಬಹಳ ಕಡೆ ಇದೆ. ಉರಿಯ ವಿಷಯದಲ್ಲಿ ಅದು ದೊಡ್ಡ ತಪ್ಪು. ಆಮ್ಲ ಸುಡಬಹುದು, ಅದರ ಲವಣ ಸುಮ್ಮನಿರಬಹುದು.

ಪರೀಕ್ಷೆಗೆ ಅಂತ ಅಣುಗಳನ್ನು ಎತ್ತಿಡುವಾಗ ಚೀಟಿ ಎತ್ತಿದ ಹಾಗೆ ಎತ್ತಬೇಡಿ, ಕುಟುಂಬ ಸಮೇತ ಎತ್ತಿಡಿ. ನೋನೈಲ್ ಫೀನಾಲ್ ಕಲಿಕೆಯಲ್ಲಿದ್ದು ಆಕ್ಟೈಲ್ ಫೀನಾಲ್ ಪರೀಕ್ಷೆಯಲ್ಲಿದ್ದರೆ ಮಾಡೆಲ್ ಉತ್ತರಪತ್ರಿಕೆ ನೋಡಿಕೊಂಡೇ ಬರೆದಂತೆ.

ಅಂಕ ಹೇಗೆ ನೋಡಬೇಕು? 100 ಅಣುಗಳಲ್ಲಿ 80 ಉರಿಸುವುದಿಲ್ಲ, 20 ಉರಿಸುತ್ತವೆ ಅಂದುಕೊಳ್ಳಿ. ಕಣ್ಣು ಮುಚ್ಚಿ ಎಲ್ಲಕ್ಕೂ "ಉರಿಸುವುದಿಲ್ಲ" ಅನ್ನುವ ಮಾಡೆಲ್‌ಗೆ 80% ಬರುತ್ತದೆ. ಹಿಡಿಯಬೇಕಾದ 20ರಲ್ಲಿ ಒಂದನ್ನೂ ಅದು ಹಿಡಿದಿಲ್ಲ. ಆದ್ದರಿಂದ ಎರಡು ಅಂಕಿ ಬೇರೆ ಬೇರೆ ಬರೆಯಿರಿ: ಉರಿಸುವವುಗಳಲ್ಲಿ ಎಷ್ಟನ್ನು ಹಿಡಿಯಿತು, ಉರಿಸದವುಗಳಲ್ಲಿ ಎಷ್ಟನ್ನು ಬಿಟ್ಟಿತು. ಎರಡರ ಸರಾಸರಿ ಇಲ್ಲಿ 50%, ನಾಣ್ಯ ಚಿಮ್ಮಿದಷ್ಟೇ.

ಇನ್ನು ಸರಹದ್ದು. ಹೊಸ ಅಣು ಬಂದಾಗ ಅದಕ್ಕೆ ತೀರಾ ಹತ್ತಿರದ ನಾಲ್ಕೈದು ಅಣುಗಳು ಕಲಿಕೆಯ ರಾಶಿಯಲ್ಲಿ ಎಷ್ಟು ದೂರದಲ್ಲಿವೆ ಅಂತ ಅಳೆಯಿರಿ. ದೂರ ಜಾಸ್ತಿಯಾದರೆ ಮಾಡೆಲ್ ಏನೇ ಹೇಳಲಿ, ಹೊರಗೆ ಬರುವ ಉತ್ತರ "ಗೊತ್ತಿಲ್ಲ" ಅಂತಿರಲಿ. ಒಇಸಿಡಿ 2004ರಲ್ಲಿ ಒಪ್ಪಿದ ಐದು ತತ್ವಗಳಲ್ಲಿ ಈ ಸರಹದ್ದೂ ಒಂದು. ಉಳಿದವು: ಏನನ್ನು ಅಂದಾಜು ಮಾಡುತ್ತಿದ್ದೀರಿ ಅನ್ನುವುದು ಸ್ಪಷ್ಟ ಇರಬೇಕು, ಲೆಕ್ಕದ ದಾರಿ ತೆರೆದಿರಬೇಕು, ಅಂಕ ಸರಿಯಾಗಿ ತೋರಿಸಬೇಕು, ಸಾಧ್ಯವಾದರೆ ಕಾರಣವನ್ನೂ ಹೇಳಬೇಕು.

ಹೆಜ್ಜೆ 8: ಪ್ರಯೋಗಾಲಯಕ್ಕೆ ಏನು ಕಳಿಸಬೇಕು

"ಗೊತ್ತಿಲ್ಲ" ಬಂದವು ಇಲ್ಲಿಗೆ ಹೋಗುತ್ತವೆ. ಚರ್ಮಕ್ಕೆ, ಮನುಷ್ಯರ ಜೀವಕೋಶದಿಂದ ಬೆಳೆಸಿದ ಕೃತಕ ಚರ್ಮದ ಮೇಲೆ ಪರೀಕ್ಷೆ ಇದೆ, ಒಇಸಿಡಿ 439 (ಒಇಸಿಡಿಯ ಪರೀಕ್ಷಾ ಮಾರ್ಗಸೂಚಿಯ ಸಂಖ್ಯೆ). ಪದಾರ್ಥ ಹಚ್ಚಿದ ಮೇಲೆ 50% ಅಥವಾ ಅದಕ್ಕಿಂತ ಕಡಿಮೆ ಜೀವಕೋಶ ಬದುಕಿದರೆ ಉರಿಸುತ್ತದೆ ಅಂತ ಲೆಕ್ಕ. ಸುಡುವುದಕ್ಕೆ 431 ಬೇರೆ ಇದೆ. ಎಷ್ಟು ಬದುಕಿದವು ಅಂತ ತಿಳಿಯುವುದು ಒಂದು ಬಣ್ಣದಿಂದ. ಗೇರು ಎಣ್ಣೆಯಂಥ ಗಾಢ ಕಂದು ಪದಾರ್ಥ ಆ ಬಣ್ಣದ ಲೆಕ್ಕವನ್ನೇ ಕೆಡಿಸಬಹುದು. ಮಾದರಿ ಕಳಿಸುವಾಗಲೇ ಇದನ್ನು ಹೇಳಿ, ಅದಕ್ಕೆ ಬೇರೆ ನಿಯಂತ್ರಣ ಪರೀಕ್ಷೆ ಇಡುತ್ತಾರೆ.

ಕಣ್ಣಿಗೆ, ಕಸಾಯಿಖಾನೆಯಿಂದ ತಂದ ದನದ ಕಾರ್ನಿಯಾ ಬಳಸುವ ಒಇಸಿಡಿ 437 ಇದೆ. ಅಂಕ 55 ದಾಟಿದರೆ ಗಂಭೀರ ಹಾನಿ. 3 ಅಥವಾ ಕಡಿಮೆ ಬಂದರೆ ವರ್ಗವೇ ಬೇಡ. ನಡುವೆ ಬಂದರೆ ಈ ಒಂದೇ ಪರೀಕ್ಷೆಯಿಂದ ತೀರ್ಮಾನ ಸಾಧ್ಯವಿಲ್ಲ. ಪ್ರಯೋಗಾಲಯದ ಪರೀಕ್ಷೆಯೂ "ಗೊತ್ತಿಲ್ಲ" ಅನ್ನುತ್ತದೆ, ನೋಡಿ. ಹೀಗಾಗಿಯೇ 2022ರಲ್ಲಿ ಬಂದ ಒಇಸಿಡಿ 467, ಒಂದಕ್ಕಿಂತ ಹೆಚ್ಚು ಮೂಲದ ಮಾಹಿತಿಯನ್ನು ಗೊತ್ತಾದ ಕ್ರಮದಲ್ಲಿ ಜೋಡಿಸಿ ತೀರ್ಮಾನಕ್ಕೆ ಬರುತ್ತದೆ.

ಪ್ರಯೋಗಾಲಯ ಇಲ್ಲ ಅಂತ ಕೈಗೆ ಹಚ್ಚಿ ನೋಡುವ ಕೆಲಸ ಯಾವತ್ತೂ ಮಾಡಬೇಡಿ. ಕಣ್ಣಿಗೆ ಏನಾದರೂ ಸಿಡಿದರೆ ರೆಪ್ಪೆ ತೆರೆದು ಹಿಡಿದು ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಡಬ್ಬದ ಸಮೇತ ಆಸ್ಪತ್ರೆಗೆ ಹೋಗಿ.

ಹೆಜ್ಜೆ 9: ಮಿಶ್ರಣದ ಲೆಕ್ಕ

ಮಾರುವುದು ಶುದ್ಧ ಪದಾರ್ಥವನ್ನಲ್ಲ, ಮಿಶ್ರಣವನ್ನು. ಪೂರ್ತಿ ಮಿಶ್ರಣದ ಪರೀಕ್ಷೆ ಇಲ್ಲದಿದ್ದರೆ ಜಿಎಚ್‌ಎಸ್ ಕೂಡುವ ಲೆಕ್ಕ ಕೊಡುತ್ತದೆ. ಚರ್ಮ ಸುಡುವ ಅಂಶಗಳೆಲ್ಲ ಸೇರಿ 5% ಮುಟ್ಟಿದರೆ ಮಿಶ್ರಣವೂ ವರ್ಗ 1. 1ರಿಂದ 5ರ ಒಳಗಿದ್ದರೆ ವರ್ಗ 2. ಕಣ್ಣಿಗೆ ಮಿತಿ ಇನ್ನೂ ಬಿಗಿ. ಚರ್ಮ ಸುಡುವವು ಮತ್ತು ಕಣ್ಣಿಗೆ ಗಂಭೀರ ಹಾನಿ ಮಾಡುವವು ಸೇರಿ 3% ಮುಟ್ಟಿದರೆ ವರ್ಗ 1, 1ರಿಂದ 3ರ ಒಳಗಿದ್ದರೆ ವರ್ಗ 2.

ಈ ಕೂಡುವ ಲೆಕ್ಕ ಎಲ್ಲಕ್ಕೂ ಒಗ್ಗುವುದಿಲ್ಲ. ಆಮ್ಲ, ಕ್ಷಾರ, ಆಲ್ಡಿಹೈಡ್, ಫೀನಾಲ್, ಸೋಪಿನಂಥ ಸರ್ಫ್ಯಾಕ್ಟಂಟ್‌ಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು ಅಂತ ಜಿಎಚ್‌ಎಸ್‌ನಲ್ಲೇ ಬರೆದಿದೆ. ಅವುಗಳಲ್ಲಿ ಹಲವು 1%ಗಿಂತ ಕಡಿಮೆ ಇದ್ದರೂ ಉರಿಸುತ್ತವೆ. ನಮ್ಮ ಎರಡೂ ಉದಾಹರಣೆಗಳು ಈ ಪಟ್ಟಿಯಲ್ಲೇ ಬರುತ್ತವೆ.

ಹೆಜ್ಜೆ 10: ಬರೆದಿಡಿ

ಸಾಫ್ಟ್‌ವೇರ್‌ನ ಹೆಸರು, ಆವೃತ್ತಿ, ದಿನಾಂಕ, ಹಾಕಿದ ಸ್ಮೈಲ್ಸ್, ಬಂದ ಉತ್ತರ, ತಾಗಿದ ನಿಯಮ, ನೆಂಟರ ಪಟ್ಟಿ. ಆರು ತಿಂಗಳ ನಂತರ ಬೇರೊಬ್ಬರು ಇದನ್ನು ಓದಿ ಅದೇ ಉತ್ತರಕ್ಕೆ ಬರುವಂತಿರಬೇಕು. ಕಾರ್ಡನಾಲ್‌ಗೆ ನಾನು ಬರೆಯುವ ಟಿಪ್ಪಣಿ ಹೀಗಿರುತ್ತದೆ:

ಪದಾರ್ಥ: ಕಾರ್ಡನಾಲ್, ಸಿಎಎಸ್ 37330-39-5. ಶೂನ್ಯದಿಂದ ಮೂರು ಜೋಡಿಬಂಧದ ನಾಲ್ಕು ರಚನೆಗಳ ಮಿಶ್ರಣ, ನಾಲ್ಕನ್ನೂ ಬೇರೆಯಾಗಿ ನೋಡಿದೆ.

ಚರ್ಮ: ಫೀನಾಲ್ ಗುರುತು ಇದೆ. ಲಾಗ್ ಪಿ ಜಾಸ್ತಿ ಅನ್ನುವ ವಾದವನ್ನು ಒಪ್ಪಲಿಲ್ಲ, ಕಾರಣ ನೋನೈಲ್ ಮತ್ತು ಡೋಡಿಸೈಲ್ ಫೀನಾಲ್. ಕನಿಷ್ಠ ವರ್ಗ 2. ಸುಡುತ್ತದೆಯೇ ಅನ್ನುವುದು ಗೊತ್ತಿಲ್ಲ, 431 ಪರೀಕ್ಷೆ ಬೇಕು.

ಕಣ್ಣು: ಗೊತ್ತಿಲ್ಲ. ನೋಡಿದ ನೆಂಟರಲ್ಲಿ ಒಂದೂ ಕಣ್ಣಿಗೆ ಸೌಮ್ಯ ಅಲ್ಲ. ಪರೀಕ್ಷೆ ಆಗುವವರೆಗೆ ಎಚ್318 ಎಂದೇ ಪರಿಗಣಿಸಿ ಕನ್ನಡಕ ಕಡ್ಡಾಯ.

ಅಲರ್ಜಿ: ಇಲ್ಲಿ ನೋಡಿಲ್ಲ. ಕರಿಗೇರಿನ ರಸಕ್ಕೂ ಇದಕ್ಕೂ ರಚನೆಯಲ್ಲಿ ಹೋಲಿಕೆ ಇದೆ, ಪ್ರತ್ಯೇಕವಾಗಿ ನೋಡಬೇಕು.